ಹಗುರ ಡ್ರೋನಿಗೆ ಮೆತ್ತನೆಯ ಪೆಟ್ಟಿಗೆ

ಶಿರಸಿಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ಮದುವೆ ಚಿತ್ರೀಕರಣಕ್ಕೆಂದು 249 ಗ್ರಾಂ ತೂಕದ ಮಡಚುವ ಡ್ರೋನ್ ಕೊಂಡಿದ್ದೇನೆ. ಬೈಕಿನಲ್ಲಿ ಊರೂರಿಗೆ ಒಯ್ಯಬೇಕು. ಅಂಗಡಿಯಲ್ಲಿ ಝಿಪ್ ಇರುವ ಬಟ್ಟೆಯ ಕೇಸೂ ಇದೆ, ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೂ ಇದೆ. ಮೇಲೆ ಹತ್ತಿ ನಿಂತರೂ ಒಡೆಯೋದಿಲ್ಲ ಎಂದು ಅಂಗಡಿಯವರು ಗಟ್ಟಿಯದನ್ನೇ ಹೊಗಳಿದರು. ಯಾವುದನ್ನು ಕೊಳ್ಳಲಿ?’

ಮೇಲೆ ನಿಂತರೆ ಒಡೆಯದಿರುವುದು ಒಳ್ಳೆಯ ಗುಣವೇ. ಬಸ್ಸಿನ ಡಿಕ್ಕಿಯಲ್ಲಿ ಯಾರದೋ ಟ್ರಂಕು ಮೇಲೆ ಬಂದು ಕೂತಾಗ ಅದು ಬೇಕು. ಆದರೆ ಪೆಟ್ಟಿಗೆ ಕೈಜಾರಿ ಬಿದ್ದಾಗ ಒಳಗಿನ ಡ್ರೋನನ್ನು ಉಳಿಸುವುದು ಹೊರಗಿನ ಗಟ್ಟಿತನವಲ್ಲ. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿರುತ್ತದೆ. ಪೆಟ್ಟಿಗೆಯೇನೋ ನೆಲಕ್ಕೆ ತಾಗಿ ನಿಂತಿತು, ಡ್ರೋನ್ ಇನ್ನೂ ಅದೇ ವೇಗದಲ್ಲಿ ಕೆಳಗಿಳಿಯುತ್ತಿದೆ. ಅದು ಎಷ್ಟು ದೂರ ಸಾಗಿ ನಿಲ್ಲುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಮಿಲಿಮೀಟರಿನಲ್ಲಿ ನಿಂತರೆ ಆ ಕ್ಷಣ ಅದರ ಮೇಲೆ ಅದರದೇ ತೂಕದ ಸಾವಿರ ಪಟ್ಟು, ಅಂದರೆ ಸುಮಾರು 250 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಎರಡು ಸೆಂಟಿಮೀಟರ್ ಸಾಗಿ ನಿಂತರೆ ಅದು ಐವತ್ತು ಪಟ್ಟಿಗೆ, ಹನ್ನೆರಡು ಕಿಲೋ ಚಿಲ್ಲರೆಗೆ ಇಳಿಯುತ್ತದೆ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ.

ಲಾರಿಯಿಂದ ಮಂಗಳೂರು ಹೆಂಚು ಇಳಿಸುವವರನ್ನು ನೋಡಿ. ಮೇಲಿದ್ದವರು ಎಸೆಯುತ್ತಾರೆ, ಕೆಳಗಿದ್ದವರು ಹಿಡಿಯುತ್ತಾರೆ. ಹಿಡಿಯುವವರ ಕೈ ಹೆಂಚಿಗೆ ಎದುರಾಗಿ ನಿಲ್ಲುವುದಿಲ್ಲ. ಹೆಂಚು ತಾಗಿದೊಡನೆ ಅದರ ಜೊತೆಗೇ ಕೆಳಗಿಳಿಯುತ್ತದೆ, ಸೊಂಟವೂ ತುಸು ಬಾಗುತ್ತದೆ. ಒಂದಡಿಯಷ್ಟು ದೂರದಲ್ಲಿ ಹೆಂಚಿನ ವೇಗವೆಲ್ಲ ಕರಗಿಹೋಗುತ್ತದೆ. ಹೊಸಬ ಕೈ ಬಿಗಿಹಿಡಿದು ನಿಂತರೆ ಹೆಂಚೂ ಒಡೆಯುತ್ತದೆ, ಅಂಗೈಯೂ ನೋಯುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಒಂದೇ ಹೆಂಚು ಬಂದಾಗ ಕೈಯನ್ನು ಎಷ್ಟು ಸಡಿಲ ಬಿಡಬೇಕು, ಎರಡು ಒಟ್ಟಿಗೆ ಬಂದಾಗ ಎಷ್ಟು ಬಿಗಿ ಮಾಡಬೇಕು ಎನ್ನುವುದು ಪಳಗಿದ ಕೈಗೆ ಗೊತ್ತು. ಹಗುರಕ್ಕೆ ಬಿಗಿ ಮಾಡಿದರೆ ಕೈ ಇಳಿಯುವುದಿಲ್ಲ, ಭಾರಕ್ಕೆ ಸಡಿಲ ಬಿಟ್ಟರೆ ಹೆಂಚು ಕೈ ತಳ್ಳಿಕೊಂಡು ನೆಲಕ್ಕೇ ಬೀಳುತ್ತದೆ.

ಈ ಕೈಚಳಕವನ್ನು ಗಣಿತಕ್ಕೆ ಇಳಿಸಿದವರಲ್ಲಿ ಮೊದಲು ನೆನೆಯಬೇಕಾದವರು ರೇಮಂಡ್ ಮಿಂಡ್ಲಿನ್. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಈ ಎಂಜಿನಿಯರು 1945ರಲ್ಲಿ, ಪ್ಯಾಕಿಂಗ್ ಮೆತ್ತೆಯ ಚಲನಶಾಸ್ತ್ರದ ಬಗ್ಗೆ ಬೆಲ್ ಕಂಪನಿಯ ತಾಂತ್ರಿಕ ಪತ್ರಿಕೆಯಲ್ಲಿ ಉದ್ದನೆಯ ಪ್ರಬಂಧ ಬರೆದರು. ಮೂರೇ ವರ್ಷದ ನಂತರ ಕ್ಲಾಡ್ ಶ್ಯಾನನ್ ಮಾಹಿತಿ ಸಿದ್ಧಾಂತವನ್ನು ಪ್ರಕಟಿಸಿದ್ದೂ ಅದೇ ಪತ್ರಿಕೆಯಲ್ಲಿ. ಶ್ಯಾನನ್ ಹೆಸರು ಎಲ್ಲರಿಗೂ ಗೊತ್ತು. ಜಗತ್ತಿನ ಪಾರ್ಸೆಲ್‌ಗಳನ್ನು ಒಡೆಯದಂತೆ ಕಾಯುತ್ತಿರುವ ಮಿಂಡ್ಲಿನ್‌ಗೆ ಆ ಭಾಗ್ಯ ಸಿಗಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಪೆಟ್ಟಿಗೆಯೊಳಗಿನ ವಸ್ತುವನ್ನು ಸ್ಪ್ರಿಂಗಿನ ಮೇಲೆ ಕೂತ ಒಂದು ತೂಕವೆಂದು ಅವರು ಭಾವಿಸಿದರು. ಅಷ್ಟಕ್ಕೇ ನಿಲ್ಲದೆ, ಆ ವಸ್ತುವಿನೊಳಗೆ ತೂಗಾಡುವ ನಾಜೂಕು ಭಾಗಗಳ ಗತಿಯೇನು ಎಂಬುದನ್ನೂ ಲೆಕ್ಕ ಹಾಕಿದರು. ಡ್ರೋನಿನಲ್ಲಿ ಅಂಥ ಭಾಗವೆಂದರೆ ಗಿಂಬಲ್. ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿಯುವ ಈ ಅಂಗ ಪುಟ್ಟ ಮೋಟಾರು, ರಬ್ಬರ್ ಗುಂಡಿ, ಕಾಗದದಷ್ಟು ತೆಳುವಾದ ಕೇಬಲ್ ಪಟ್ಟಿಗಳನ್ನು ನೆಚ್ಚಿಕೊಂಡಿದೆ.

ಈಗ ಅಂಗಡಿಯ ಪೆಟ್ಟಿಗೆ ತೆರೆದು ನೋಡಿ. ಡ್ರೋನಿನ ಅಚ್ಚಿನಂತೆ ಕೊರೆದ ಕಪ್ಪು ಫೋಮ್ ಇರುತ್ತದೆ. ನೋಡಲು ಅಂದ, ಡ್ರೋನ್ ಬಿಗಿಯಾಗಿ ಕೂರುತ್ತದೆ. ಆದರೆ ಮಡಚಿದ ಡ್ರೋನಿನ ತಳ ಸುಮಾರು 14 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ. 249 ಗ್ರಾಂ ಅಷ್ಟು ಜಾಗದಲ್ಲಿ ಹಂಚಿಹೋದರೆ ಚದರ ಸೆಂಟಿಮೀಟರಿಗೆ ಬೀಳುವುದು ಎರಡು ಗ್ರಾಂ ಚಿಲ್ಲರೆ. ಆ ಫೋಮ್ ಬಿಗಿಯಾದ ಪಾಲಿಎಥಿಲೀನಿನದಾದರೆ ಇಷ್ಟು ಹಗುರ ಭಾರಕ್ಕೆ ಕುಗ್ಗುವುದು ಬಹಳ ಕಡಿಮೆ; ಅದು ಹೆಚ್ಚು ತೂಕದ ಯಂತ್ರಗಳಿಗೆ ಹೇಳಿ ಮಾಡಿಸಿದ್ದು. ಹೊಸಬನ ಬಿಗಿಗೈಯ ಕಥೆಯೇ ಇಲ್ಲೂ. ಹಗುರ ಡ್ರೋನಿಗೆ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದರೂ ತಗ್ಗಿ, ಬಿಟ್ಟೊಡನೆ ಮೇಲೇಳುವ ಪಾಲಿಯುರೆಥೇನ್ ಸ್ಪಂಜು ಬೇಕು. ಕೆಳಗೆ, ಮೇಲೆ, ಸುತ್ತಲೂ ಕನಿಷ್ಠ ಎರಡೂವರೆ ಸೆಂಟಿಮೀಟರ್ ದಪ್ಪವಿರಲಿ. ಬಿಗಿ ಫೋಮಿನ ಪೆಟ್ಟಿಗೆ ಈಗಾಗಲೇ ಕೊಂಡಿದ್ದರೆ, ತಳದ ಫೋಮನ್ನು ಚಾಕುವಿನಿಂದ ಕೊಯ್ದು ಎರಡು ಮೂರು ಏಣುಗಳನ್ನಷ್ಟೇ ಉಳಿಸಿ. ತಾಗುವ ಜಾಗ ಕಡಿಮೆಯಾದಷ್ಟೂ ಫೋಮ್ ಹೆಚ್ಚು ಕುಗ್ಗುತ್ತದೆ. ಗಿಂಬಲ್ ಇರುವ ಕಡೆ ಯಾವ ಫೋಮೂ ಅದಕ್ಕೆ ತಾಗಬಾರದು, ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಇಡಬೇಕು.

ಇನ್ನು ಬೈಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ ಎಂದರೆ ಸೆಕೆಂಡಿಗೆ ನೂರು ಕಂಪನ. ಐಫೋನನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದರೆ ಅದರ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿ 2021ರಲ್ಲಿ ಎಚ್ಚರಿಸಿತ್ತು. ಅಲ್ಲಿ ಲೆನ್ಸನ್ನು ನಡುಗದಂತೆ ಹಿಡಿಯುವ ವ್ಯವಸ್ಥೆಗೇ ಪೆಟ್ಟು. ಮೆತ್ತನೆಯ ಸ್ಪಂಜು ಎಂಜಿನ್ನಿನ ಈ ವೇಗದ ಕಂಪನವನ್ನು ಚೆನ್ನಾಗಿ ತಡೆಯುತ್ತದೆ, ರಸ್ತೆಗುಂಡಿಯ ನಿಧಾನದ ಕುಲುಕಾಟವನ್ನು ತಡೆಯಲಾರದು. ಹಾಗಾಗಿ ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಬೇಡಿ, ಬೆನ್ನಿಗೆ ಹಾಕಿಕೊಳ್ಳಿ; ಆ ಕುಲುಕಾಟವನ್ನು ನಿಮ್ಮ ಮೈಯೇ ಅಷ್ಟಿಷ್ಟು ಹೀರಿಕೊಳ್ಳುತ್ತದೆ.

ಇನ್ನು ಗಟ್ಟಿ ಪೆಟ್ಟಿಗೆ. ನೀರು ಹೊಗದ ಪೆಟ್ಟಿಗೆಯೆಂದರೆ ಗಾಳಿಯೂ ಹೊಗದ್ದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ. ಅಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ತೆರೆಯಹೋದರೆ, 30 ಸೆಂ.ಮೀ. ಉದ್ದ 25 ಸೆಂ.ಮೀ. ಅಗಲದ ಮುಚ್ಚಳವನ್ನು ಹೊರಗಿನ ಗಾಳಿ ಸುಮಾರು 50 ಕಿಲೋ ಭಾರದಷ್ಟು ಒತ್ತಿ ಹಿಡಿದಿರುತ್ತದೆ! ಒಳ್ಳೆಯ ಪೆಟ್ಟಿಗೆಗಳಲ್ಲಿ ಇದಕ್ಕೆಂದೇ ಪುಟ್ಟ ಗಾಳಿಗುಂಡಿ ಇರುತ್ತದೆ. ಕೊಳ್ಳುವಾಗ ಹುಡುಕಿ ನೋಡಿ. ಮಳೆಗಾಲದಲ್ಲಿ ಒದ್ದೆ ಡ್ರೋನನ್ನು ಹಾಗೇ ಮುಚ್ಚಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಒಣಗಿಸಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಶಿರಸಿಯ ಗೆಳೆಯರಿಗೆ ನನ್ನ ಸಲಹೆ: ಬೈಕಿನ ಓಡಾಟಕ್ಕೆ ಬಟ್ಟೆ ಹೊದಿಸಿದ, ಗೋಡೆ ತುಸು ಗಟ್ಟಿಯಿರುವ ಝಿಪ್ ಕೇಸು ಸಾಕು, ಒಳಗಿನ ಸ್ಪಂಜು ಮಾತ್ರ ಮೆತ್ತಗಿರಲಿ. ಡ್ರೋನಿಗೂ ರಿಮೋಟಿಗೂ ನಡುವೆ ಗೋಡೆ ಇರಲಿ. ಗಟ್ಟಿ ಪೆಟ್ಟಿಗೆಗೆ ಹಣ ಹಾಕಬೇಕಾದವರು ಅದನ್ನು ಲಗೇಜಿನ ರಾಶಿಯಲ್ಲಿ ಬಿಟ್ಟುಹೋಗುವವರು. ವಿಮಾನದಲ್ಲಿ ಹೋಗುವುದಾದರೆ ಬಿಡಿ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ತುದಿಗಳು ಒಂದಕ್ಕೊಂದು ತಾಗದಂತೆ ಬೇರೆಬೇರೆ ಚೀಲದಲ್ಲಿಡಿ. ಅನುಮತಿ ಬೇಡದ ಮಿತಿ 100 ವ್ಯಾಟ್-ಅವರ್; ಈ ಗಾತ್ರದ ಡ್ರೋನಿನ 2250 ಎಂಎಎಚ್, 7.7 ವೋಲ್ಟಿನ ಬ್ಯಾಟರಿಯದು 17 ಚಿಲ್ಲರೆ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿಡಬೇಡಿ, ಚಾರ್ಜಿಗೂ ಹಾಕಬೇಡಿ; ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡಿ.