ಹರಿತ ಅಲಗೇ ಹಲ್ಲಿಗೆ ಹಿತ

ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ, ಸಂದು ಬಿಡುತ್ತದೆ ಎಂಬ ಮಾತು ಬೂದಿಕೋಟೆಯಿಂದ ಬಂಗಾರಪೇಟೆ, ಕೆ.ಜಿ.ಎಫ್.ವರೆಗೆ ಯಾವ ಊರಿನಲ್ಲಿ ವಿಚಾರಿಸಿದರೂ ಕಿವಿಗೆ ಬೀಳುತ್ತದೆ. ಇದಕ್ಕೆ ಉತ್ತರ ಹಳೆಯದು. ವರ್ಷಗಟ್ಟಲೆ ಹಲ್ಲುಗಳ ನಡುವೆ ಕೂತಿದ್ದ ಗಾರೆ ಎದ್ದು ಹೋದಾಗ ಅದು ಮುಚ್ಚಿಟ್ಟಿದ್ದ ಸಂದು ಬಯಲಾಗುತ್ತದೆ, ಊದಿದ್ದ ವಸಡು ಇಳಿಯುತ್ತದೆ. ಬುಡದ ಮೂಳೆ ಕರಗಿದ್ದು ಗಾರೆಯ ಮೇಲೆ ನೆಲೆಸಿದ ಪಾಚಿಯ ಸೋಂಕಿನಿಂದಲೇ ಹೊರತು ಅದನ್ನು ತೆಗೆದ ಉಪಕರಣದಿಂದಲ್ಲ. ರೋಗಿಯ ತಪ್ಪು ಕಲ್ಪನೆಗೆ ಇಷ್ಟು ಸಾಕು. ಆದರೆ ಕುರ್ಚಿಯ ಆ ಬದಿಯಲ್ಲಿ, ಸ್ಕೇಲರ್ ಹಿಡಿದವರಲ್ಲೂ ನಂಬಿಕೆಗಳಿವೆ. ಅವುಗಳ ಬಗ್ಗೆ ನಾವು ಮಾತಾಡುವುದು ಕಡಿಮೆ. 1948ರ ದಂತವೈದ್ಯರ ಕಾಯ್ದೆ ಹಲ್ಲಿನ ಗಾರೆ ತೆಗೆದು, ಶುಚಿಮಾಡಿ, ಹೊಳಪು ಕೊಡುವವರನ್ನು ಡೆಂಟಲ್ ಹೈಜೀನಿಸ್ಟ್ ಎಂದು ಗುರುತಿಸಿತು. ನಮ್ಮಲ್ಲಿ ಆ ಕೆಲಸವನ್ನು ಹೆಚ್ಚಾಗಿ ದಂತವೈದ್ಯರೇ ಮಾಡುತ್ತಾರೆ, ಅದು ಬೇರೆ ಮಾತು. ಯಾರೇ ಮಾಡಲಿ, ಮೊಂಡು ಅಲಗು ಸುರಕ್ಷಿತ, ಒತ್ತಿದಷ್ಟೂ ಸ್ವಚ್ಛ, ಸೆಟ್ ದೊಡ್ಡದಾದಷ್ಟೂ ಮೇಲು, ಯಂತ್ರವಿದ್ದರೆ ಕೈ ಉಪಕರಣ ದಂಡ ಎಂಬ ನಾಲ್ಕೂ ನಂಬಿಕೆಗಳು ಒಂದೇ ತಪ್ಪಿನ ಕವಲುಗಳು. ಅಲಗಿನ ಬಾಯಿ ಹರಿತವಾಗಿದೆಯೇ, ಅದರ ಬಾಗು ಹಲ್ಲಿನ ಮೈಗೆ ಒಪ್ಪುತ್ತದೆಯೇ ಎಂಬ ಎರಡು ಪ್ರಶ್ನೆ ಬಿಟ್ಟು ದಕ್ಷತೆಯನ್ನು ಬೇರೆಲ್ಲೋ ಹುಡುಕುವುದೇ ಆ ತಪ್ಪು.

ಈ ಸೀಮೆಯಲ್ಲಿ ಅದಕ್ಕೂ ಮುಂಚಿನ ಒಂದು ಪ್ರಶ್ನೆ ಇದೆ: ಕಾಣುತ್ತಿರುವುದು ಕೆರೆಯಬೇಕಾದ ವಸ್ತುವೇ? ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಬಂಡೆಯೊಳಗಿನ ಫ್ಲೋರೈಡ್ ನೀರಿನೊಂದಿಗೆ ಕೊಡಕ್ಕೆ ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದು ಬೆಳೆದ ಮಗುವಿನ ಎನಾಮೆಲ್ ಒಳಗೇ ಸರಂಧ್ರವಾಗುತ್ತದೆ. ಹಲ್ಲು ಹುಟ್ಟಿದ ಮೇಲೆ ಆ ರಂಧ್ರಗಳು ಬಣ್ಣ ಹೀರುತ್ತವೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ ಇಂಥ ಕಂದು ಹಲ್ಲುಗಳ ಬೆನ್ನು ಹತ್ತಿದ್ದು 1901ರಲ್ಲಿ. ಕಾರಣ ಫ್ಲೋರೈಡ್ ಎಂದು ಗೊತ್ತಾಗಲು 1931 ಆಯಿತು. ಭಾರತದಲ್ಲಿ ಫ್ಲೋರೋಸಿಸ್ 1937ರಲ್ಲಿ ವರದಿಯಾದದ್ದು ನಮ್ಮಿಂದ ಬಹಳ ದೂರವಲ್ಲದ ನೆಲ್ಲೂರು ಸೀಮೆಯಲ್ಲಿ. ಇಷ್ಟಾದರೂ ‘ಚೆನ್ನಾಗಿ ಉಜ್ಜಿ ತೆಗೀರಿ’ ಎಂಬ ಬೇಡಿಕೆ ನಿಂತಿಲ್ಲ. ಆ ಬೇಡಿಕೆಗೆ ಮಣಿದು ದಪ್ಪ ಸ್ಕೇಲರ್ ಎತ್ತಿಕೊಂಡರೆ ಕಂದು ಹಾಗೇ ಉಳಿಯುತ್ತದೆ. ಫ್ಲೋರೋಸಿಸ್ ತೀವ್ರವಾಗಿದ್ದರೆ ಮೊದಲೇ ದುರ್ಬಲವಾದ ಎನಾಮೆಲ್ ಗುಳಿಯ ಅಂಚಿನಲ್ಲಿ ಚಕ್ಕೆಯೇಳಲೂಬಹುದು. ಹಾಗಾಗಿ ಇಲ್ಲಿ ಟ್ರೇಯ ಮೊದಲ ಉಪಕರಣ ಸ್ಕೇಲರ್ ಅಲ್ಲ, ತೆಳುವಾದ ಎಕ್ಸ್‌ಪ್ಲೋರರ್. ಗಾರೆ ಅದರ ತುದಿಗೆ ಒರಟಾಗಿ ತಡೆಯುತ್ತದೆ, ವಸಡಿನ ಅಂಚಿಗೆ ಅಂಟಿಕೊಂಡಿರುತ್ತದೆ. ಗುಳಿಬೀಳದ ಫ್ಲೋರೋಸಿಸ್ ಕಲೆಯ ಮೇಲೆ ತುದಿ ಜಾರಿ ಹೋಗುತ್ತದೆ, ಕಲೆ ಬಾಯಿಯ ಎರಡೂ ಬದಿಯ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಲ್ಲಿ ಕಾಣುತ್ತದೆ. ಎಲೆ ಅಡಿಕೆ, ಕಡ್ಡಿಪುಡಿಯ ಕಲೆ ಮಾತ್ರ ಮೇಲ್ಮೈಯದು, ಅದು ಹೋಗುತ್ತದೆ.

ಕೆರೆಯಬೇಕಾದದ್ದು ಗಾರೆಯೇ ಎಂದಾದ ಮೇಲೆ ಬರುವುದು ಹರಿತದ ಪ್ರಶ್ನೆ. ಮೊಂಡು ಅಲಗು ರೋಗಿಗೆ ನೋವು ಕೊಡುವುದಿಲ್ಲ ಎಂಬ ಭಾವನೆ ಮೇಲುನೋಟಕ್ಕೆ ಸರಿ ಅನಿಸುತ್ತದೆ. ಆಗುವುದು ತಿರುಗಾಮುರುಗಾ. ಮೊಂಡು ಅಲಗು ಗಾರೆಯನ್ನು ಕಚ್ಚುವುದಿಲ್ಲ, ಮೇಲಿಂದ ಜಾರಿ ಅದರ ಒರಟನ್ನಷ್ಟೇ ಸವೆಸುತ್ತದೆ. ಹೀಗೆ ನುಣುಪಾದ ಗಾರೆ ಎಕ್ಸ್‌ಪ್ಲೋರರ್‌ಗೂ ಸಿಗದೆ ಬೇರಿಗೆ ಅಂಟಿಕೊಂಡೇ ಉಳಿಯುತ್ತದೆ, ‘ಕ್ಲೀನ್ ಆಯಿತು’ ಎಂದು ರೋಗಿಯನ್ನು ಮನೆಗೆ ಕಳಿಸಿರುತ್ತೇವೆ. ಕಚ್ಚದ ಅಲಗಿಗೆ ಕೈ ತಾನಾಗಿ ಬಲ ಕೂಡಿಸುತ್ತದೆ, ಬಲ ಹೆಚ್ಚಿದಂತೆ ಹಿಡಿತ ತಪ್ಪುತ್ತದೆ; ಮೊಂಡು ಕುಡುಗೋಲು ಹಿಡಿದು ರಾಗಿ ಕೊಯ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿತವಾದದ್ದು ವಸಡನ್ನು ಕೊಯ್ಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಕೋನದಲ್ಲಿದೆ. ಅಲಗಿನ ಮುಖ ಹಲ್ಲಿಗೆ 45 ಡಿಗ್ರಿಗಿಂತ ಕಡಿಮೆ ವಾಲಿದರೆ ಜಾರುತ್ತದೆ, 90 ದಾಟಿದರೆ ವಸಡಿನ ಕಡೆ ತಿರುಗುತ್ತದೆ. ಗಾಯವಾಗುವುದು ಈ ಎರಡನೆಯ ತಪ್ಪಿನಿಂದ. ಬೇರಿನ ಮೇಲಿನ ಸಿಮೆಂಟಮ್ ಸವೆಯುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಒಂದು ಕಾಲಕ್ಕೆ ಸಿಮೆಂಟಮ್ಮನ್ನು ಬೇಕೆಂದೇ ಕೆರೆದು ಬೇರನ್ನು ಗಾಜಿನಷ್ಟು ನುಣುಪು ಮಾಡುತ್ತಿದ್ದರು, ಈಗ ಅದು ಅಗತ್ಯವೆಂದು ಯಾರೂ ಒತ್ತಾಯಿಸುವುದಿಲ್ಲ. ಗಾರೆ ಎದ್ದ ಕೂಡಲೇ ಎಳೆತ ಹಗುರವಾಗಬೇಕು, ಹಾಗೆ ಹಗುರವಾಗಿ ಎಳೆಯಲು ಬರುವುದು ಹರಿತ ಅಲಗನ್ನು ಮಾತ್ರ.

ಇನ್ನು ಸೆಟ್ಟಿನ ಗಾತ್ರ. ಹತ್ತನೆಯ ಶತಮಾನದ ಕೊರ್ಡೋಬಾದ ವೈದ್ಯ ಅಲ್ ಜಹ್ರಾವಿ ಹಲ್ಲು ಕೆರೆಯಲು 14 ಉಪಕರಣಗಳನ್ನು ವಿವರಿಸಿದ್ದ. ಮಿಷಿಗನ್‌ನ ಕ್ಲೇಟನ್ ಗ್ರೇಸಿ ಇಪ್ಪತ್ತನೆಯ ಶತಮಾನದಲ್ಲಿ ರೂಪಿಸಿದ ಕ್ಯೂರೆಟ್‌ಗಳೂ 14. ಕಾಕತಾಳೀಯವೇ ಇರಬಹುದು, ಆದರೆ ಅಷ್ಟನ್ನೂ ಕೊಳ್ಳದಿದ್ದರೆ ಕೆಲಸ ಅರ್ಧ ಎಂಬ ಭಾವನೆ ಬಲವಾಗಿದೆ. ಗ್ರೇಸಿಯ ಒಂದೊಂದು ಸಂಖ್ಯೆಯೂ ಒಂದೊಂದು ಜಾಗದ ಹೆಸರು: 1/2 ಮುಂದಿನ ಹಲ್ಲಿಗೆ, 7/8 ದವಡೆಯ ಕೆನ್ನೆ ಮತ್ತು ನಾಲಿಗೆ ಬದಿಗೆ, 11/12 ದವಡೆಹಲ್ಲಿನ ಮುಂಬದಿಗೆ, 13/14 ಹಿಂಬದಿಗೆ. ಮುಖ ಓರೆಯಾಗಿರುವುದರಿಂದ ಒಂದೇ ಅಂಚು ಕೆಲಸ ಮಾಡುತ್ತದೆ, ಇನ್ನೊಂದು ವಸಡಿನಿಂದ ದೂರ ನಿಲ್ಲುತ್ತದೆ. ಆಳದ ಪಾಕೆಟ್‌ಗೆ ಇದೇ ವರ. ಯೂನಿವರ್ಸಲ್ ಕ್ಯೂರೆಟ್‌ಗೆ ಎರಡು ಅಂಚು, ಒಂದೇ ತುಂಡು ಬಾಯಿ ಪೂರ್ತಿ ಸುತ್ತುತ್ತದೆ. ಮೂರು ಮೂಲೆಯ ಚೂಪು ಸಿಕಲ್ ವಸಡಿನ ಮೇಲಿನ ದಪ್ಪ ಗಾರೆಗೆ. ವಸಡಿನೊಳಗೆ ಅದನ್ನು ಇಳಿಸಬಾರದು. ಹಳ್ಳಿ ಶಿಬಿರದಲ್ಲಿ ಬರುವ ಬಾಯಿಗಳಿಗೆ ಮುಂದಿನ ಮತ್ತು ಹಿಂದಿನ ಹಲ್ಲಿಗೆ ಒಂದೊಂದು ಸಿಕಲ್, ಒಂದು ಯೂನಿವರ್ಸಲ್, ಜೊತೆಗೆ ಗ್ರೇಸಿಯಲ್ಲಿ 1/2, 11/12, 13/14 ಹರಿತವಾಗಿದ್ದರೆ ಬಹುಪಾಲು ಕೆಲಸ ಆಗುತ್ತದೆ ಎಂಬುದು ನನ್ನ ತೀರ್ಮಾನ. ಪಾಕೆಟ್ 5 ಮಿಲಿಮೀಟರ್ ದಾಟಿದವರಿಗೆ ಕತ್ತು ಮಾಮೂಲಿಗಿಂತ 3 ಮಿಲಿಮೀಟರ್ ಹೆಚ್ಚು ಉದ್ದವಿರುವ ಗ್ರೇಸಿ ಬೇಕು, ಅಂಥವರನ್ನು ಕೆ.ಜಿ.ಎಫ್.ನ ದಂತವೈದ್ಯಕೀಯ ಕಾಲೇಜಿನಂಥ ಕಡೆಗೆ ಕಳಿಸುವುದೇ ನ್ಯಾಯ.

ಅಲ್ಟ್ರಾಸಾನಿಕ್ ಯಂತ್ರ ಇರುವಾಗ ಇದೆಲ್ಲ ಯಾಕೆ? ಪ್ರಶ್ನೆ ಹಗುರವಾದದ್ದಲ್ಲ. 2002ರಲ್ಲಿ ಪ್ರಕಟವಾದ ಒಂದು ವ್ಯವಸ್ಥಿತ ವಿಮರ್ಶೆಯ ಪ್ರಕಾರ ಒಂಟಿ ಬೇರಿನ ಹಲ್ಲುಗಳಲ್ಲಿ ಯಂತ್ರಕ್ಕೂ ಕೈಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ, ಸಮಯ ಮಾತ್ರ ಯಂತ್ರಕ್ಕೆ ಶೇ 36.6ರಷ್ಟು ಕಡಿಮೆ ಹಿಡಿಯಿತು. ಸಮಯ ಉಳಿಯುವುದು ಸಣ್ಣ ಲಾಭವಲ್ಲ, ದಪ್ಪ ಗಾರೆಗೆ ಯಂತ್ರವನ್ನೇ ಮೊದಲು ಹಿಡಿಯಬೇಕು. ಆದರೆ ಯಂತ್ರಕ್ಕೆ ಕರೆಂಟು ಬೇಕು, ನೀರಿನ ಒತ್ತಡ ಬೇಕು, ಹೀರುವ ಸಾಧನ ಬೇಕು. ಬೂದಿಕೋಟೆಯ ಶಾಲೆಯೊಂದರ ಜಗುಲಿಯಲ್ಲಿ ಶಿಬಿರ ನಡೆದರೆ ಮೂರೂ ಒಟ್ಟಿಗೆ ಇರುತ್ತವೆಂಬ ಭರವಸೆಯಿಲ್ಲ. ಅದು ಎಬ್ಬಿಸುವ ಹನಿಮಂಜಿನ ಭಯಕ್ಕೆ 2020ರ ಕೋವಿಡ್ ಕಾಲದಲ್ಲಿ ಜಗತ್ತಿನ ಅನೇಕ ಕಡೆ ಮತ್ತೆ ಕೈ ಉಪಕರಣಗಳನ್ನೇ ಎತ್ತಿಕೊಂಡರು. ಯಂತ್ರ ಓಡಾಡಿದ ಮೇಲೆ ಉಳಿದ ಚೂರುಗಳನ್ನು ಕೈಬೆರಳಿನ ಸ್ಪರ್ಶದಲ್ಲಿ ಪತ್ತೆಹಚ್ಚಿ ತೆಗೆಯಲೂ ಕ್ಯೂರೆಟ್ ಬೇಕೇ ಬೇಕು.

ಕೊನೆಯ ಆಕ್ಷೇಪ ದುಡ್ಡಿನದು: ಒಳ್ಳೆಯ ಉಕ್ಕು, ಒಳ್ಳೆಯ ಹಿಡಿ ಸಣ್ಣ ಕ್ಲಿನಿಕ್ಕಿಗೆ ಎಟುಕುತ್ತದೆಯೇ? ಹಿಡಿಗೆ ಖರ್ಚು ಮಾಡುವುದರಲ್ಲಿ ಅರ್ಥವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಹಿಡಿಗಳನ್ನು ಹೋಲಿಸಿದಾಗ 10 ಮಿಲಿಮೀಟರ್ ದಪ್ಪ, 15 ಗ್ರಾಂ ತೂಕದ್ದಕ್ಕೆ ಸ್ನಾಯುವಿನ ಶ್ರಮವೂ ಬೆರಳ ಬಿಗಿತವೂ ಎಲ್ಲಕ್ಕಿಂತ ಕಡಿಮೆ ಬಂತು. ತೆಳು, ಭಾರದ ಹಿಡಿ ದಿನವಿಡೀ ಹಿಡಿದ ಮಣಿಕಟ್ಟು ಮುಂದೆ ನೋವಿನಲ್ಲಿ ಬೆಲೆ ತೆರುತ್ತದೆ. ಅಲಗಿನ ವಿಷಯದಲ್ಲಿ ಉಳಿತಾಯಕ್ಕೆ ದಾರಿ ಇದೆ. ಸಾಣೆ ಕಲ್ಲೊಂದು, ಅಕ್ರಿಲಿಕ್ ಕಡ್ಡಿಯೊಂದು ಸಾಕು. ಅಲಗಿನ ಮುಖಕ್ಕೂ ಕಲ್ಲಿಗೂ 100ರಿಂದ 110 ಡಿಗ್ರಿ ಕೋನ ಉಳಿಸಿ ತೀಡಿದರೆ ಒಳಗೋನ 70–80 ಡಿಗ್ರಿಯಲ್ಲೇ ಉಳಿಯುತ್ತದೆ. ಕಡ್ಡಿಗೆ ಒತ್ತಿದಾಗ ಕಚ್ಚಿದರೆ ಹರಿತ, ಜಾರಿದರೆ ಮೊಂಡು. ಕೆಲವು ಹತ್ತು ಎಳೆತಗಳಲ್ಲೇ ಬಾಯಿ ಮಂಕಾಗತೊಡಗುವುದರಿಂದ ವಾರಕ್ಕೊಮ್ಮೆ ಸಾಣೆ ಹಿಡಿಯುವ ಪದ್ಧತಿ ಪ್ರಯೋಜನಕ್ಕೆ ಬಾರದು, ರೋಗಿ ರೋಗಿಗೂ ಪರೀಕ್ಷಿಸಬೇಕು. ತೀಡಿ ತೀಡಿ ಅಲಗಿನ ಅಗಲ ಐದನೇ ಒಂದು ಭಾಗ ಸವೆದ ಮೇಲೆ ಅದನ್ನು ಎಸೆಯಬೇಕು. ಸಣಕಲಾದ ಅಲಗು ಬೇರಿನ ಬುಡದಲ್ಲಿ ಮುರಿದರೆ ಆ ಚೂರನ್ನು ಹೊರತೆಗೆಯಲು ಆಗುವ ಖರ್ಚಿಗೆ ಹೋಲಿಸಿದರೆ ಹೊಸ ಕ್ಯೂರೆಟ್ಟೇ ಅಗ್ಗ.