ಕ್ಯಾಸನೂರು ಅರಣ್ಯ ಮತ್ತು ಅಂತರರಾಷ್ಟ್ರೀಯ ರಾಜಕೀಯ

ಅಂತರರಾಷ್ಟ್ರೀಯ ಸಂಬಂಧಗಳೆಂದರೆ ಒಪ್ಪಂದ, ಯುದ್ಧ, ರಾಯಭಾರ ಇವುಗಳ ಅಧ್ಯಯನವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದಕ್ಕೆ ಬೇಕಾದ ಆಕರಗಳು ದೆಹಲಿ, ಜಿನೀವಾ, ವಾಷಿಂಗ್ಟನ್ ನಗರಗಳಲ್ಲಿ ಮಾತ್ರ ದೊರೆಯುವುವೆಂದೂ, ಮಲೆನಾಡಿನ ಕಾಲೇಜೊಂದರಲ್ಲಿ ಕುಳಿತು ಆ ವಿಷಯದಲ್ಲಿ ಸಂಶೋಧನೆ ನಡೆಸುವುದು ಆಗದ ಮಾತೆಂದೂ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ಸರಿಯಲ್ಲವೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರೇ ಸಾಕ್ಷಿ. ರಾಸಾಯನಿಕ ಮತ್ತು ಜೈವಿಕ ಆಯುಧಗಳಿಗೆ ಒದಗಬಹುದಾದ ಪದಾರ್ಥಗಳ ರಫ್ತನ್ನು ಹತೋಟಿಯಲ್ಲಿಡಲು ಕೆಲವು ರಾಷ್ಟ್ರಗಳು 1985ರಲ್ಲಿ ‘ಆಸ್ಟ್ರೇಲಿಯಾ ಗುಂಪು’ ಎಂಬ ಕೂಟವನ್ನು ರಚಿಸಿಕೊಂಡುವು. ಆ ಗುಂಪಿನ ಪಟ್ಟಿಯಲ್ಲಿ ಈ ಹಳ್ಳಿಯ ಹೆಸರು ಒಂದು ವೈರಸ್ಸಿನ ಹೆಸರಾಗಿ ಸೇರಿಕೊಂಡಿದೆ. 2018ರ ಜನವರಿಯಲ್ಲಿ ಭಾರತವೂ ಆ ಗುಂಪಿನ ಸದಸ್ಯ ರಾಷ್ಟ್ರವಾಯಿತು. ಸೊರಬದ ಕಾಡೊಂದರ ಹೆಸರು ರಾಷ್ಟ್ರರಾಷ್ಟ್ರಗಳ ನಡುವಣ ಕಾಗದಪತ್ರಗಳಿಗೆ ಹೇಗೆ ಏರಿತು, ಆ ದಾರಿಯಿಂದ ನಮ್ಮ ಸಂಶೋಧಕರು ಕಲಿಯತಕ್ಕದ್ದೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಘಟನೆಯನ್ನು ನೋಡೋಣ. 1957ರ ಬೇಸಗೆಯಲ್ಲಿ ಸೊರಬ ಮತ್ತು ಸಾಗರ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳ ಸುತ್ತ ಮುಸಿಯಗಳೂ ಮಂಗಗಳೂ ಸಾಯತೊಡಗಿದುವು. ಅದೇ ಕಾಲದಲ್ಲಿ ಸೌದೆಗೆ, ಸೊಪ್ಪಿಗೆ, ದರಗಿಗೆ ಕಾಡು ಹೊಕ್ಕ ಜನರು ಕಡುಜ್ವರದಿಂದ ಮಲಗಿದರು. ಕೆಲವರಲ್ಲಿ ರಕ್ತಸ್ರಾವವೂ ಕಂಡುಬಂದಿತು. ಆ ವರ್ಷ 466 ಮಂದಿಗೂ, ಮರುವರ್ಷ 181 ಮಂದಿಗೂ ರೋಗ ತಗುಲಿತೆಂದು ದಾಖಲೆಯಾಗಿದೆ. ಜನರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಕ್ಯಾಸನೂರು ಅರಣ್ಯದಲ್ಲಿ ದೊರೆತ ಮಂಗವೊಂದರಿಂದ ವೈರಸ್ಸನ್ನು ಬೇರ್ಪಡಿಸಿದ ವಿಜ್ಞಾನಿಗಳು ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಅದನ್ನು ಹರಡುವುದು ಮುಖ್ಯವಾಗಿ ಉಣುಗು ಎಂಬುದೂ ಬೇಗನೆ ಗೊತ್ತಾಯಿತು.

ಈ ವಿಜ್ಞಾನಿಗಳು ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಅದನ್ನು ಸ್ಥಾಪಿಸಿದ್ದುವು. ಆಗ ಅದರ ನಿರ್ದೇಶಕರಾಗಿದ್ದ ಟೆಲ್ಫರ್ಡ್ ವರ್ಕ್ ಅವರೂ, ಹೆರಾಲ್ಡ್ ಟ್ರಪೀಡೊ ಅವರೂ ಅಮೆರಿಕದವರು. ಮಂಗಗಳು ಸಾಯುತ್ತಿವೆಯೆಂಬ ಸುದ್ದಿ ಕೇಳಿದೊಡನೆ ಅವರ ಮನಸ್ಸಿಗೆ ಹೊಳೆದುದು ಹಳದಿ ಜ್ವರ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ರೋಗ ಏಷ್ಯದಲ್ಲಿ ಎಂದೂ ನೆಲೆಸಿರಲಿಲ್ಲ. ಅದು ಒಮ್ಮೆ ಭಾರತವನ್ನು ಹೊಕ್ಕರೆ ಗತಿಯೇನೆಂಬ ಭಯ ಸರ್ಕಾರಕ್ಕೂ ಪ್ರತಿಷ್ಠಾನಕ್ಕೂ ಬಹುಕಾಲದಿಂದ ಇದ್ದಿತು. ಪರೀಕ್ಷೆಯಿಂದ ಆ ಭಯ ಕಳೆಯಿತಾದರೂ ಅದರ ಸ್ಥಾನದಲ್ಲಿ ಇನ್ನೊಂದು ಆಶ್ಚರ್ಯ ಕಾದಿದ್ದಿತು. ಕ್ಯಾಸನೂರಿನ ವೈರಸ್ಸು ಸೋವಿಯತ್ ದೇಶದ ‘ವಸಂತ–ಗ್ರೀಷ್ಮದ ಮಿದುಳು ಜ್ವರ’ದ ವೈರಸ್ಸಿಗೆ ಹತ್ತಿರದ ಬಂಧುವಾಗಿ ಕಂಡುಬಂದಿತು.

ಇಲ್ಲಿಂದಲೇ ಕಾಡಿನ ಕಥೆಗೆ ರಾಜಕೀಯದ ಬಣ್ಣ ಹತ್ತಿತು. ಸೈಬೀರಿಯದ ಬಂಧು ಮಲೆನಾಡಿಗೆ ಹೇಗೆ ಬಂದಿತು? ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಅದನ್ನು ಪರೀಕ್ಷಿಸಲು ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಲೀಂ ಅಲಿಯವರ ನೇತೃತ್ವದಲ್ಲಿ, ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು, ಹಕ್ಕಿಗಳಿಗೆ ಉಂಗುರ ತೊಡಿಸುವ ಕಾರ್ಯವನ್ನು ಕೈಕೊಂಡರು. 1960ರ ದಶಕದಲ್ಲಿ ಅದಕ್ಕೆ ಅಮೆರಿಕದ ಸೇನೆಯು ಏಷ್ಯದಲ್ಲಿ ನಡೆಸುತ್ತಿದ್ದ ವಲಸೆ ಪ್ರಾಣಿಗಳ ರೋಗಸಮೀಕ್ಷೆಯ ಹಣವೂ ಒದಗಿತು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹಾರುತ್ತದೆ, ಅದರ ಮೈಮೇಲೆ ಯಾವ ಉಣುಗು ಇರುತ್ತದೆ ಎಂಬ ಜ್ಞಾನ ರೋಗ ತಡೆಯುವವನಿಗೆ ಎಷ್ಟು ಬೇಕೋ, ರೋಗ ಹರಡಲು ಬಯಸುವವನಿಗೂ ಅಷ್ಟೇ ಬೇಕು. ಶೀತಲ ಸಮರದ ಆ ದಿನಗಳಲ್ಲಿ ಇದನ್ನು ಕುರಿತು ಸಂಶಯ ಹುಟ್ಟದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

1974ರಲ್ಲಿ ಪತ್ರಿಕೆಗಳಲ್ಲಿ ಈ ಸಂಶಯ ಬಹಿರಂಗವಾಯಿತು. ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ, ಅಮೆರಿಕದ ಹಣದಿಂದ ನಡೆಯುತ್ತಿದ್ದ ಸೊಳ್ಳೆಗಳ ವಂಶನಿಯಂತ್ರಣ ಪ್ರಯೋಗವೂ ಹಕ್ಕಿಗಳ ಅಧ್ಯಯನವೂ ಜೊತೆಜೊತೆಯಾಗಿ ಟೀಕೆಗೆ ಗುರಿಯಾದುವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು, ಜ್ಯೋತಿರ್ಮಯ ಬಸು ಅವರ ಅಧ್ಯಕ್ಷತೆಯಲ್ಲಿ, ಭಾರತದ ಸಂಶೋಧನಾ ಯೋಜನೆಗಳಲ್ಲಿ ವಿದೇಶೀಯರ ಸಹಭಾಗಿತ್ವವನ್ನು ವಿಚಾರಿಸಿ 1975ರ ಏಪ್ರಿಲ್‌ನಲ್ಲಿ ತನ್ನ 167ನೆಯ ವರದಿಯನ್ನು ಒಪ್ಪಿಸಿತು. ಸೊಳ್ಳೆಗಳ ಪ್ರಯೋಗ ಅದೇ ವರ್ಷ ಮುಚ್ಚಿಹೋಯಿತು. ಜೈವಿಕ ಆಯುಧಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಡಂಬಡಿಕೆ ಜಾರಿಗೆ ಬಂದುದೂ 1975ರ ಮಾರ್ಚಿಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು.

ಇಂಥ ಸಂಶಯ ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲ. ಸೋವಿಯತ್ ದೇಶದಲ್ಲಿ ಆ ಮಿದುಳು ಜ್ವರದ ವೈರಸ್ಸನ್ನು 1937ರಲ್ಲಿ ಕಂಡುಹಿಡಿದ ತಂಡದ ನಾಯಕ ಲೆವ್ ಜಿಲ್ಬರ್ ಅವರು, ಮಾಸ್ಕೋ ನಗರದ ನೀರಿಗೆ ರೋಗ ಬೆರೆಸಲು ಯತ್ನಿಸಿದರೆಂಬ ಆಪಾದನೆಯ ಮೇಲೆ ಅದೇ ವರ್ಷ ಸೆರೆಯಾದರು. ರೋಗದ ಜ್ಞಾನವುಳ್ಳವನನ್ನು ಪ್ರಭುತ್ವವು ಆಶ್ರಯಿಸುತ್ತದೆ. ಆತನಿಗೆ ಅಂಜುತ್ತದೆ ಕೂಡ.

ಹಾಗಾದರೆ ಆ ಸಂಶಯ ನಿಜವಾಗಿದ್ದಿತೇ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಕ್ಯಾಸನೂರಿನ ರೋಗವನ್ನು ಯಾರೋ ತಂದು ಬಿಟ್ಟರೆಂಬುದಕ್ಕೆ ಆಧಾರವಿಲ್ಲ. ಹಕ್ಕಿಗಳ ಊಹೆಯೂ ಸ್ಥಾಪಿತವಾಗಲಿಲ್ಲ. 1995ರಲ್ಲಿ ಸೌದಿ ಅರೇಬಿಯದಲ್ಲಿ ದೊರೆತ ಅಲ್ಖುರ್ಮಾ ವೈರಸ್ಸು ಸೈಬೀರಿಯದ ವೈರಸ್ಸಿಗಿಂತ ಕ್ಯಾಸನೂರಿನದಕ್ಕೆ ಹತ್ತಿರವಾಗಿದೆ. ಅವೆರಡೂ ಶತಮಾನಗಳ ಹಿಂದೆಯೇ ಬೇರೆಯಾದುವೆಂದು ವಂಶವಾಹಿಗಳ ಅಧ್ಯಯನ ಸೂಚಿಸುತ್ತದೆ. ಎಂದರೆ ರೋಗವು 1957ರಲ್ಲಿ ಪ್ರಕಟವಾಯಿತೇ ಹೊರತು ಅಂದೇ ಹುಟ್ಟಲಿಲ್ಲ.

ಅಂದು ಅದು ಏಕೆ ಪ್ರಕಟವಾಯಿತೆಂಬುದಕ್ಕೆ ಉತ್ತರ ಕೊಟ್ಟವರಲ್ಲಿ ಅದೇ ವಿದೇಶೀ ನೆರವಿನ ತಂಡದ ಜಾರ್ಜ್ ಬೋಶೆಲ್ ಮುಖ್ಯರು. ಕಾಡನ್ನು ಕಡಿದು ಗದ್ದೆ ಮಾಡಿದಂತೆಲ್ಲ ಕಾಡಂಚು ಬೆಳೆಯುತ್ತದೆ. ಅಲ್ಲಿ ಮೇಯುವ ದನಗಳು ಬಲಿತ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಸ್ಸು ಹೀಗೆ ಮಂಗನಿಗೂ ಮನುಷ್ಯನಿಗೂ ತಗುಲುತ್ತದೆ ಎಂಬ ವಿವರಣೆಯನ್ನು ಅವರು 1969ರಲ್ಲಿ ಪ್ರಕಟಿಸಿದರು. ಆದುದರಿಂದ ವಿದೇಶೀ ಹಣದ ಸಂಶೋಧನೆಯೆಲ್ಲ ಕುಟಿಲವೆನ್ನುವುದೂ ತಪ್ಪು. ವಿಜ್ಞಾನಕ್ಕೆ ರಾಜಕೀಯವಿಲ್ಲವೆನ್ನುವುದೂ ತಪ್ಪು. ನಾವು ಗಮನಿಸಬೇಕಾದುದು ಬೇರೊಂದು ಸಂಗತಿ. ಆಕಾಶದಲ್ಲಿ ಹಾರುವ ಹಕ್ಕಿಯ ಪ್ರಶ್ನೆ ಸೇನೆಗಳಿಗೂ ಸಂಸತ್ತಿಗೂ ಮುಖ್ಯವಾಯಿತು. ಬೆಟ್ಟದಲ್ಲಿ ದರಗು ಗುಡಿಸುವವನ ಪ್ರಶ್ನೆ ಜ್ವರದ ಕಾಲ ಬಂದಾಗ ಮಾತ್ರ ನೆನಪಾಗುವ ಸ್ಥಳೀಯ ಸಂಗತಿಯಾಗಿ ಉಳಿಯಿತು.

ಲಸಿಕೆಯ ಇತಿಹಾಸ ಇದನ್ನು ಸ್ಪಷ್ಟಪಡಿಸುತ್ತದೆ. ರಷ್ಯದ ಜ್ವರಕ್ಕೆಂದು ಸಿದ್ಧಪಡಿಸಿದ್ದ ಲಸಿಕೆಯನ್ನು ಮೊದಲು ಇಲ್ಲಿಯ ಜನರಿಗೆ ಚುಚ್ಚಲಾಯಿತು, ಅದು ಫಲಿಸಲಿಲ್ಲ. ಆಮೇಲೆ ಕ್ಯಾಸನೂರಿನ ವೈರಸ್ಸಿನಿಂದಲೇ ತಯಾರಿಸಿದ ಲಸಿಕೆಯನ್ನು ಹಲವು ದಶಕಗಳ ಕಾಲ ಕೊಡಲಾಯಿತು; ಅದರ ರಕ್ಷಣೆ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಈ ನಡುವೆ ರೋಗ ಬಂಡೀಪುರ, ವಯನಾಡು, ಗೋವಾಗಳವರೆಗೆ ಕಂಡುಬಂದಿದೆ. ವೈರಸ್ಸನ್ನು ದೇಶದಿಂದ ದೇಶಕ್ಕೆ ಒಯ್ಯದಂತೆ ನಿಯಮಗಳು ಬಿಗಿಯಾದಷ್ಟು ವೇಗವಾಗಿ, ಅದು ಸೌದೆ ಹೊರುವವನ ಮೈಗೆ ಏರದಂತೆ ಮಾಡುವ ಉಪಾಯ ಬಿಗಿಯಾಗಲಿಲ್ಲ.

ಸಹಭಾಗಿತ್ವದ ಸಂಶೋಧನೆಯನ್ನು ಅಧ್ಯಯನ ಮಾಡುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಒಂದು: ಸಂಶೋಧನೆಯ ವಿಷಯವನ್ನು ಆರಿಸಿದವರಾರು? ಎರಡು: ಸಂಗ್ರಹಿಸಿದ ರಕ್ತ, ಉಣುಗು, ಅಂಕಿ ಅಂಶಗಳು ಯಾರ ವಶದಲ್ಲಿ ಉಳಿದುವು? ಮೂರು: ಫಲಿತಾಂಶವನ್ನು ಯಾರಿಗೆ, ಯಾವ ಭಾಷೆಯಲ್ಲಿ ಒಪ್ಪಿಸಲಾಯಿತು? ಮೊದಲನೆಯ ಎರಡು ಪ್ರಶ್ನೆಗಳನ್ನು ಸಂಸತ್ತಿನ ಸಮಿತಿ ರಾಷ್ಟ್ರದ ಪರವಾಗಿ ಕೇಳಿತು. ಮೂರನೆಯದನ್ನು ಹಳ್ಳಿಯ ಪರವಾಗಿ ಕೇಳುವ ಕೆಲಸ ನಮ್ಮದು.

ಇದಕ್ಕೆ ಬೇಕಾದ ಸಾಮಗ್ರಿಯಲ್ಲಿ ಒಂದು ಭಾಗ ನ್ಯೂಯಾರ್ಕ್ ರಾಜ್ಯದಲ್ಲಿರುವ ರಾಕ್‌ಫೆಲರ್ ದಾಖಲೆಗಳ ಭಂಡಾರದಲ್ಲಿಯೂ ದೆಹಲಿಯ ಸಂಸತ್ತಿನ ಗ್ರಂಥಭಂಡಾರದಲ್ಲಿಯೂ ಉಂಟು. ಇನ್ನೊಂದು ಭಾಗವನ್ನು ಹುಡುಕಬೇಕಾದುದು ಅರಣ್ಯ ಇಲಾಖೆಯ ಮತ್ತು ತಾಲ್ಲೂಕು ಕಛೇರಿಯ ಕಡತಗಳಲ್ಲಿ, ಆಸ್ಪತ್ರೆಗಳ ದಾಖಲೆ ಪುಸ್ತಕಗಳಲ್ಲಿ, 1957ರ ಜ್ವರವನ್ನು ಬಾಲ್ಯದಲ್ಲಿ ಕಂಡ ಹಿರಿಯರ ನೆನಪಿನಲ್ಲಿ. ಮೊದಲನೆಯ ಭಾಗ ಭದ್ರವಾಗಿದೆ, ನಾಳೆಯೂ ದೊರೆಯುತ್ತದೆ. ಎರಡನೆಯದಕ್ಕೆ ಆ ಭಾಗ್ಯವಿಲ್ಲ. ಆ ವರ್ಷ ಹತ್ತು ವಯಸ್ಸಿನವರಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಸೊರಬ, ಶಿಕಾರಿಪುರ, ಸಾಗರಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಾರ್ಯವನ್ನು ಮುಂದಕ್ಕೆ ಹಾಕದೆ, ಬರುವ ಬೇಸಗೆಯ ರಜೆಯಲ್ಲಿಯೇ ಆರಂಭಿಸುವುದು ಲೇಸು.