ಮುಪ್ಪಿನಲ್ಲಿ ಬೀಳದಿರಲು ಕೋಲಾಟದ ಹೆಜ್ಜೆ

ವಯಸ್ಸಾದವರು ಬೀಳುವುದು ಸಹಜವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಒಮ್ಮೆ ಬಿದ್ದು ಸೊಂಟದ ಕೀಲಿನ ಎಲುಬು ಮುರಿದರೆ ಹಿರಿಯರು ಹಾಸಿಗೆ ಹಿಡಿಯುತ್ತಾರೆ. ಸುಗ್ಗಿಯ ದಿನಗಳಲ್ಲೂ ಒಬ್ಬರು ಹೊಲ ಬಿಟ್ಟು ಅವರ ಆರೈಕೆಗೆ ನಿಲ್ಲಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ 6 ಲಕ್ಷ 84 ಸಾವಿರ ಜನ.

ಬೀಳುವುದೇಕೆ?

ವಯಸ್ಸಾದಂತೆ ಕಾಲಿನ ಸ್ನಾಯುಗಳು ಸೊರಗುತ್ತವೆ, ದೃಷ್ಟಿ ಮಂದವಾಗುತ್ತದೆ, ಒಳಗಿವಿಯ ಸಮತೋಲನ ಶಕ್ತಿ ಕುಗ್ಗುತ್ತದೆ. ಎಡವಿದಾಗ ಹರೆಯದವರು ತಟ್ಟನೆ ಮುಂದೆ ಹೆಜ್ಜೆಯಿಟ್ಟು ಸಾವರಿಸಿಕೊಳ್ಳುತ್ತಾರೆ. ಮುದುಕರಿಗೆ ಆ ಹೆಜ್ಜೆ ತಡವಾಗುತ್ತದೆ. "ಜೀವಮಾನವೆಲ್ಲ ಜೋಳದ ಹೊಲದಲ್ಲಿ ದುಡಿದವರಿಗೆ ವ್ಯಾಯಾಮವೇಕೆ?" ಎಂದು ಕೆಲವರು ಕೇಳುತ್ತಾರೆ. ದುಡಿಮೆ ಬಿಟ್ಟು ಕಟ್ಟೆಯ ಮೇಲೆ ಕೂತರೆ ಗಳಿಸಿದ ಶಕ್ತಿಯೂ ಬೇಗ ಕರಗುತ್ತದೆ.

ಕುಣಿತದ ಉಪಯೋಗ

ಕುಣಿಯುವಾಗ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಪಕ್ಕಕ್ಕೆ, ಹಿಂದಕ್ಕೆ ಹೆಜ್ಜೆಯಿಡುತ್ತೇವೆ, ತಿರುಗುತ್ತೇವೆ. ಕಿವಿ ತಾಳ ಹಿಡಿದರೆ ಕೈ ಬೇರೆ ಕೆಲಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 65 ದಾಟಿದ 134 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಪಿಯಾನೋ ತಾಳಕ್ಕೆ ವಾರಕ್ಕೊಂದು ತಾಸು, ಆರು ತಿಂಗಳು ಹೆಜ್ಜೆ ಹಾಕಿದವರಲ್ಲಿ ಬೀಳುವಿಕೆ ಸುಮಾರು ಅರ್ಧಕ್ಕಿಳಿಯಿತು. ಆದರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 530 ಹಿರಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನೃತ್ಯದಿಂದ ಬೀಳುವಿಕೆ ಕಡಿಮೆಯಾಗಲಿಲ್ಲ. ಆದ್ದರಿಂದ ಕುಣಿತವೊಂದನ್ನೇ ನಂಬದೆ ಕಾಲಿಗೆ ಬಲ ಕೊಡುವ ವ್ಯಾಯಾಮವನ್ನೂ ಕೂಡಿಸಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮಾಡುವ ಬಗೆ

ಗಡಿನಾಡಿನ ಉಮದಿ ಭಾಗದವರಾದ ನಮಗೆ ಕೋಲಾಟವೂ ಗೊತ್ತು, ಲೇಜಿಮೂ ಗೊತ್ತು. ಲೇಜಿಮಿನ ಜಿಗಿತ, ಕುಕ್ಕರುಗಾಲು ಹಿರಿಯರಿಗೆ ಬೇಡ. ಜಿಗಿತವಿಲ್ಲದ ಕೋಲಾಟ ಸಾಕು.

1. ಮೊದಲ ವಾರ ಗೋಡೆ ಹಿಡಿದು, ಮೈಭಾರವನ್ನು ಎಡಕ್ಕೆ, ಬಲಕ್ಕೆ ಹತ್ತು ಸಲ ಬದಲಿಸಿರಿ.
2. ಬಳಿಕ ತಾಳಕ್ಕೆ ಸರಿಯಾಗಿ ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು ಹೆಜ್ಜೆ ಇಡಿರಿ.
3. ರೂಢಿಯಾದ ಮೇಲೆ ಜೊತೆಗಾರರೊಡನೆ ನಿಧಾನವಾಗಿ ಕೋಲು ತಾಗಿಸುತ್ತ ಸುತ್ತಿರಿ.
4. ಕೊನೆಗೆ ಗಟ್ಟಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡ್ರಿರಿ.

ಎಚ್ಚರಿಕೆ

ಸಾರಿಸಿದ ಹಸಿ ನೆಲ, ನುಣುಪು ಫರಸಿ, ಸಡಿಲ ಚಪ್ಪಲಿ ಬೇಡ. ಸೀರೆ, ಧೋತರದ ಅಂಚು ಕಾಲಿಗೆ ಸಿಕ್ಕದಿರಲಿ. ಈಚೆಗೆ ಬಿದ್ದವರು, ರಕ್ತದೊತ್ತಡ ಅಥವಾ ನಿದ್ರೆಯ ಗುಳಿಗೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು. ತಲೆಸುತ್ತು, ಎದೆನೋವು ಬಂದರೆ ಕೂಡಲೇ ನಿಲ್ಲಿಸಬೇಕು. ಬಚ್ಚಲಿನ ಪಾಚಿ ಉಜ್ಜಿ ತೆಗೆಯಿರಿ, ರಾತ್ರಿ ಒಂದು ದೀಪವಿಡಿರಿ.

ಮುದುಕರು ಕುಣಿದರೆ ಮಕ್ಕಳು, ಸೊಸೆಯಂದಿರು ನಗಬಾರದು. ಪಕ್ಕದಲ್ಲಿ ನಿಂತು ತಾಳ ಹಾಕಿದರೆ ಅವರಿಗೆ ಧೈರ್ಯ ಬರುತ್ತದೆ.